ಹಸ್ತ, ಚಿತ್ತೆ ಮಳೆಯಲ್ಲಿ ಬೇಸಿಗೆಯ ಸೊಪ್ಪು

ತಾರಸಿಯ ಮೇಲೆ ಮಳೆನೀರು ಹಿಡಿದು, ಮಣ್ಣಿಲ್ಲದೆ ಗೊಬ್ಬರದ ನೀರಿನ ತೊಟ್ಟಿಯಲ್ಲೇ ಸೊಪ್ಪು ಬೆಳೆಯಬೇಕೆಂದಿದ್ದರೆ, ಮೊದಲು ಒಂದು ಇ.ಸಿ. ಮೀಟರ್ ಕೊಳ್ಳಿ. ಪೈಪು, ಬೀಜ, ಗೊಬ್ಬರ ಎಲ್ಲ ಆಮೇಲೆ. ಮನೆಯ ಬೋರ್‌ವೆಲ್ ನೀರನ್ನು ಒಂದು ಲೋಟದಲ್ಲಿ, ನಲ್ಲಿಯ ಕಾವೇರಿ ಅಥವಾ ಕಬಿನಿ ನೀರನ್ನು ಇನ್ನೊಂದರಲ್ಲಿ, ಮಳೆನೀರನ್ನು ಮೂರನೆಯದರಲ್ಲಿ ಹಿಡಿದು ಅಳೆಯಿರಿ. ಮೈಸೂರು, ಮಂಡ್ಯದ ತಾರಸಿಗಳ ಮೇಲೆ ಹೈಡ್ರೋಪೋನಿಕ್ಸ್, ಅಂದರೆ ಮಣ್ಣಿಲ್ಲದ ಈ ಬೇಸಾಯ, ಗೆಲ್ಲುವುದೂ ಸೋಲುವುದೂ ಬಹುಪಾಲು ಈ ಮೂರು ಲೋಟಗಳಲ್ಲೇ ತೀರ್ಮಾನವಾಗುತ್ತದೆ.

ಇ.ಸಿ. ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಅಳತೆ, ಸೆಂಟಿಮೀಟರಿಗೆ ಮಿಲಿ ಸೀಮೆನ್ಸ್ ಲೆಕ್ಕದಲ್ಲಿ. ಲೆಟ್ಯೂಸ್, ಕೊತ್ತಂಬರಿಯಂಥ ಮೆದು ಸೊಪ್ಪಿಗೆ ಒಟ್ಟು 1.2ರಿಂದ 1.6 ಇದ್ದರೆ ಹಿತ. ಬೋರ್ ನೀರೇ 1.2 ತೋರಿಸಿತು ಅನ್ನಿ, ಗೊಬ್ಬರಕ್ಕೆ ಉಳಿಯುವ ಜಾಗ ಹೆಚ್ಚೆಂದರೆ 0.4 ಮಾತ್ರ. ಉಳಿದ ಜಾಗವನ್ನೆಲ್ಲ ಸೋಡಿಯಂ, ಕ್ಲೋರೈಡ್, ಬೈಕಾರ್ಬೊನೇಟ್ ಆಗಲೇ ತುಂಬಿಕೊಂಡಿರುತ್ತವೆ. ಗಿಡ ಅವುಗಳನ್ನು ಹೆಚ್ಚು ತಿನ್ನುವುದಿಲ್ಲ. ನೀರು ಕುಡಿದು ಲವಣವನ್ನು ತೊಟ್ಟಿಯಲ್ಲೇ ಬಿಡುತ್ತದೆ, ಹತ್ತು ದಿನ ಕಳೆದರೆ ಅದೇ ನೀರು ಇನ್ನೂ ಉಪ್ಪಾಗಿರುತ್ತದೆ. ಹದಿನೈದು ದಿನಕ್ಕೊಮ್ಮೆ ಇಡೀ ತೊಟ್ಟಿ ಬರಿದು ಮಾಡಿ ಗೊಬ್ಬರದ ನೀರನ್ನು ಚೆಲ್ಲಬೇಕಾಗುವುದು ಇದಕ್ಕೇ. ಮಳೆನೀರು ಸಾಮಾನ್ಯವಾಗಿ 0.05ರ ಆಸುಪಾಸು ತೋರಿಸುತ್ತದೆ. ಹಾಗಾಗಿ ಜಾಗ ಪೂರ್ತಿ ನಿಮ್ಮದು. ತೊಟ್ಟಿಯ ನೀರನ್ನು ಒಂದು ಬೆಳೆಯ ಪೂರ್ತಿ ಚೆಲ್ಲದೆ ನಡೆಸಬಹುದು. ಮಳೆನೀರು ಹಿಡಿಯುವುದರ ನಿಜವಾದ ಲಾಭ ಇದೇ ಎಂದು ನನ್ನ ಎಣಿಕೆ. ನೀರಿನ ಬಿಲ್ಲು ಉಳಿಯುವುದು ಅದರ ನಂತರದ ಮಾತು.

ಬೋರ್ ನೀರಿಗೆ ಆಸಿಡ್ ಹಾಕಿ ಸರಿಮಾಡಿಕೊಳ್ಳುತ್ತೇವೆ ಅನ್ನುವವರಿದ್ದಾರೆ. ಲೆಕ್ಕ ನೋಡಿ: ಲೀಟರಿಗೆ 300 ಮಿಲಿಗ್ರಾಂ ಬೈಕಾರ್ಬೊನೇಟ್ ಇರುವ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಆರಕ್ಕೆ ಇಳಿಯಬೇಕಾದರೆ 100 ಲೀಟರಿಗೆ 85% ಫಾಸ್ಪರಿಕ್ ಆಸಿಡ್ ಹತ್ತಿರ ಹತ್ತಿರ 27 ಮಿ.ಲೀ. ಬೇಕು. ಅಷ್ಟು ಆಸಿಡ್ ಜೊತೆಗೆ ಬರುವ ರಂಜಕ 120 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ದಾಟುತ್ತದೆ. ಸೊಪ್ಪಿಗೆ ಬೇಕಾದ್ದು 35ರಿಂದ 40. ಮೂರು ಪಟ್ಟು ರಂಜಕ ಸೇರಿದ ನೀರಿನಲ್ಲಿ ಕಬ್ಬಿಣ, ಸತು ಬೇರಿಗೆ ಸಿಗದೆ ಹೋಗುತ್ತವೆ. ಪಿಎಚ್ ಸರಿಯಿದ್ದರೂ ಎಲೆ ಹಳದಿ.

ಎಷ್ಟು ನೀರು, ಎಲ್ಲಿ ಇಡುವುದು

ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಸಾವಿರ ಚದರ ಅಡಿ ತಾರಸಿ ಅಂದರೆ 93 ಚದರ ಮೀಟರ್. ಮೈಸೂರಿನ ವರ್ಷದ ಮಳೆ ಸುಮಾರು 800 ಮಿ.ಮೀ., ಮಂಡ್ಯದಲ್ಲಿ 700ರ ಆಸುಪಾಸು. ಆವಿ, ಸೋರಿಕೆ, ಚೆಲ್ಲುವ ಮೊದಲ ನೀರು ಎಲ್ಲ ಕಳೆದು ಐದನೇ ನಾಲ್ಕು ಭಾಗ ಸಿಕ್ಕರೂ ಮೈಸೂರಿನಲ್ಲಿ ವರ್ಷಕ್ಕೆ 59,000 ಲೀಟರ್ ಹರಿಯುತ್ತದೆ. ಅಷ್ಟನ್ನೂ ಹಿಡಿದಿಡಲು ಯಾರ ಮನೆಯಲ್ಲೂ ಜಾಗವಿಲ್ಲ, ಹಿಡಿಯಬೇಕಾಗಿಯೂ ಇಲ್ಲ. ಮೇ ತಿಂಗಳಲ್ಲಿ ಒಂದು ಸುತ್ತು, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಂದು ಸುತ್ತು ನಮ್ಮಲ್ಲಿ ಜೋರು ಮಳೆ. ನಡುವಿನ ತಿಂಗಳುಗಳಲ್ಲಿ ಸಣ್ಣ ಸಣ್ಣ ಮಳೆ ಬಂದು ಹೋಗುತ್ತಲೇ ಇರುತ್ತದೆ. ನೀರಿನ ಕೊರತೆ ಬೀಳುವುದು ಡಿಸೆಂಬರಿನಿಂದ ಏಪ್ರಿಲ್ ನಡುವಿನವರೆಗೆ, ಸುಮಾರು 135 ದಿನ. ಸಂಪಿನ ಅಳತೆ ನಿರ್ಧರಿಸಬೇಕಾದ್ದು ಈ 135 ದಿನಗಳನ್ನು ನೋಡಿಕೊಂಡು.

ಎಂಟು ಚದರ ಮೀಟರ್ ಸೊಪ್ಪಿನ ಮಡಿ ಇಟ್ಟುಕೊಳ್ಳಿ. ನೆರಳು ಬಲೆಯ ಕೆಳಗೆ ಚದರ ಮೀಟರಿಗೆ ದಿನಕ್ಕೆ ಮೂರರಿಂದ ನಾಲ್ಕು ಲೀಟರ್ ಹಿಡಿಯುತ್ತದೆ. ದಿನಕ್ಕೆ 30 ಲೀಟರ್ ಅಂದುಕೊಂಡರೆ 135 ದಿನಕ್ಕೆ 4,050. ಬೆಳೆ ಮುಗಿದಾಗಲೆಲ್ಲ ಅರ್ಧ ತೊಟ್ಟಿ ನೀರು ಬದಲಿಸುವುದಕ್ಕೆ ಇನ್ನೊಂದು 1,500. ಹೀಗೆ 6,000 ಲೀಟರಿನ ಸಂಪು ಈ ಮಡಿಗೆ ಸರಿಹೋಗುತ್ತದೆ. ಅದನ್ನು ತುಂಬಲು ನಿಮ್ಮ ತಾರಸಿಗೆ ಬೇಕಾದ್ದು 80 ಮಿ.ಮೀ. ಮಳೆ. ಹಸ್ತ, ಚಿತ್ತೆ ಎರಡೂ ಕೈಕೊಡದಿದ್ದರೆ ದಸರೆಯ ಆಚೀಚೆ ತುಂಬಿಬಿಡುತ್ತದೆ.

ಸಂಪು ನೆಲದಲ್ಲೇ ಇರಲಿ, ಕುಡಿಯುವ ನೀರಿನ ಸಂಪಿಗೆ ಸಂಬಂಧವಿಲ್ಲದಂತೆ ಬೇರೆಯೇ ಇರಲಿ. ತಾರಸಿ ಮೇಲೆ ನೀರು ಕೂಡಿಡುವ ಆಸೆ ಬೇಡ. ಮೆಟ್ಟಿಲಿರುವ ಮನೆಯ ತಾರಸಿಗೆ ಭಾರತೀಯ ಮಾನಕ 875 ಹೇಳುವ ಚಲಭಾರ ಚದರ ಮೀಟರಿಗೆ 1.5 ಕಿಲೋ ನ್ಯೂಟನ್, ಅಂದರೆ 150 ಕೆ.ಜಿ. ಹದಿನೈದು ಸೆಂಟಿಮೀಟರ್ ನೀರು ನಿಲ್ಲಿಸಿದರೆ ಅಷ್ಟೂ ಮುಗಿಯಿತು. ಸಾವಿರ ಲೀಟರಿನ ಟ್ಯಾಂಕ್ ಒಂದು ಚದರ ಮೀಟರ್ ಜಾಗದಲ್ಲಿ ಒಂದು ಟನ್ ಹೇರುತ್ತದೆ, ಅದಕ್ಕೆ ಕೆಳಗೆ ಕಂಬ, ತೊಲೆ ಇರಲೇಬೇಕು. ಹಳೆಯ ಮದ್ರಾಸ್ ತಾರಸಿಯ ಮನೆಗಳ ಮೇಲೆ, ಅಗ್ರಹಾರ, ಚಾಮುಂಡಿಪುರಂ ಕಡೆ ಇಂಥವು ಇನ್ನೂ ಇವೆ, ಎಂಜಿನಿಯರಿಗೆ ತೋರಿಸದೆ ಒಂದು ತೊಟ್ಟಿಯನ್ನೂ ಇಡಬೇಡಿ. ಆರ್‌ಸಿಸಿಯಾದರೂ ನೀರಿನ ಆಳ 12 ಸೆಂ.ಮೀ. ದಾಟಿಸಬೇಡಿ, ಮಡಿಗಳನ್ನು ಗೋಡೆಯ ನೇರಕ್ಕೆ, ತೊಲೆಯ ಮೇಲೆ ಬರುವಂತೆ ಹೊಂದಿಸಿ. ಸ್ಟ್ಯಾಂಡಿನ ಕಾಲುಗಳ ಕೆಳಗೆ ಹಲಗೆ ಕೊಡಿ. ಕಾಲಿನ ತುದಿ ನೇರವಾಗಿ ಕೂತರೆ ವಾಟರ್‌ಪ್ರೂಫಿಂಗ್ ಒಡೆಯುತ್ತದೆ.

ತಾರಸಿಯಿಂದ ಸಂಪಿನವರೆಗೆ

ಮೊದಲ ಮಳೆಯ ನೀರು ಕೊಳೆ ನೀರು. ಅಶ್ವಿನಿ, ಭರಣಿ ಮಳೆ ಬೇಸಿಗೆಯ ಧೂಳು, ಪಾರಿವಾಳದ ಹಿಕ್ಕೆ, ಒಣಗಿದ ಎಲೆ ಎಲ್ಲವನ್ನೂ ತೊಳೆದು ತರುತ್ತದೆ. ಆ ಎರಡು ಮಳೆಯನ್ನು ಪೂರ್ತಿ ಇಂಗುಗುಂಡಿಗೆ ಬಿಡಿ. ಆಮೇಲಿನ ಪ್ರತಿ ಮಳೆಯಲ್ಲೂ ಮೊದಲ ಒಂದು ಮಿ.ಮೀ. ಚೆಲ್ಲಬೇಕು. ನಮ್ಮ ಲೆಕ್ಕದ ತಾರಸಿಗೆ ಅದು 93 ಲೀಟರ್. ಇದಕ್ಕೆ ಆರು ಇಂಚಿನ ಪಿವಿಸಿ ಪೈಪನ್ನು ನಿಲ್ಲಿಸುವ ಪದ್ಧತಿಯಿದೆ. ಆದರೆ ಆ ಪೈಪು ಮೀಟರಿಗೆ ಹದಿನೇಳು ಹದಿನೆಂಟು ಲೀಟರಷ್ಟೇ ಹಿಡಿಯುವುದು, 93 ಲೀಟರಿಗೆ ಐದು ಮೀಟರಿಗಿಂತ ಹೆಚ್ಚು ಉದ್ದ ಬೇಕಾಗುತ್ತದೆ. ಮೂರು ಕಡೆ ಇಳಿಪೈಪು ಇರುವ ಮನೆಗೆ ಒಂದೊಂದಕ್ಕೂ ಒಂದು ಮೀಟರ್ ಮುಕ್ಕಾಲು ಪೈಪು ಹೊಂದುತ್ತದೆ. ಒಂದೇ ಇಳಿಪೈಪು ಇದ್ದರೆ ನೂರು ಲೀಟರಿನ ಡ್ರಮ್ಮೇ ಸರಳ: ಡ್ರಮ್ ತುಂಬಿದ ಮೇಲೆ ನೀರು ತಾನಾಗಿ ಸಂಪಿನ ಕಡೆ ತಿರುಗುತ್ತದೆ. ಡ್ರಮ್ಮಿನ ತಳದ ನಲ್ಲಿಯನ್ನು ಒಂದೆಳೆ ಸೋರುವಂತೆ ಬಿಟ್ಟಿರಿ. ಬಿಗಿಯಾಗಿ ಮುಚ್ಚಿದರೆ ಮುಂದಿನ ಮಳೆಗೆ ಡ್ರಮ್ ತುಂಬಿಯೇ ಇರುತ್ತದೆ, ಕೊಳೆಯೆಲ್ಲ ನೇರ ಸಂಪಿಗೆ. ಅತಿ ಹೆಚ್ಚು ಮನೆಗಳಲ್ಲಿ ಆಗುವ ತಪ್ಪು ಇದು.

ಡ್ರಮ್ ಆದ ಮೇಲೆ ಒಂದು ಫಿಲ್ಟರ್. ಬೆಂಗಳೂರಿನ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಎ.ಆರ್. ಶಿವಕುಮಾರ್ ರೂಪಿಸಿದ ಪಾಪ್‌ಅಪ್ ಫಿಲ್ಟರ್ ನಮ್ಮ ಮಳೆಗೆ ಒಗ್ಗಿದ್ದು. ಕಸ ಕಟ್ಟಿಕೊಂಡಾಗ ಅದು ತಾನೇ ಮೇಲೆದ್ದು ನೀರನ್ನು ಹೊರಗೆ ಬಿಡುತ್ತದೆ, ತಾರಸಿಯಲ್ಲಿ ನೀರು ನಿಲ್ಲುವುದಿಲ್ಲ. ಒಳಗಿನ ಫಿಲ್ಟರನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ತೊಳೆಯಿರಿ.

ತಾರಸಿ ಯಾವುದರದ್ದು ಎಂಬುದೂ ನೀರಿನಲ್ಲಿ ಕಾಣುತ್ತದೆ. ಹೊಸದಾಗಿ ಸುಣ್ಣ ಬಳಿದ ಅಥವಾ ಸಿಮೆಂಟ್ ಮೆತ್ತಿದ ತಾರಸಿಯ ನೀರು ಕೆಲವು ಮಳೆಗಳವರೆಗೆ ಪಿಎಚ್ 9ರ ಮೇಲಿರುತ್ತದೆ. ಜಿಂಕ್ ಶೀಟಿನ ಚಾವಣಿಯ ನೀರಿನಲ್ಲಿ ಸತು ಕರಗಿ ಬರುತ್ತದೆ, ಅಂಥ ನೀರು ಬಳಸುವವರು ಕೆಳಗೆ ಹೇಳುವ ಬಿ ದ್ರಾವಣದಲ್ಲಿ ಜಿಂಕ್ ಸಲ್ಫೇಟ್ ಬಿಟ್ಟುಬಿಡಿ. ಕಲ್ನಾರು ಶೀಟಿನ ನೀರು ಊಟದ ಬೆಳೆಗೆ ಬೇಡ. ಮಂಡ್ಯ, ಪಾಂಡವಪುರ ಕಡೆಯವರಿಗೆ ಇನ್ನೊಂದು ಮಾತು: ಹತ್ತಿರದಲ್ಲಿ ಆಲೆಮನೆಯೋ ಸಕ್ಕರೆ ಕಾರ್ಖಾನೆಯೋ ಇದ್ದರೆ ಸಿಪ್ಪೆ ಸುಟ್ಟ ಬೂದಿ ತಾರಸಿಯ ಮೇಲೆ ಕೂರುತ್ತದೆ. ಬೂದಿ ಕ್ಷಾರ, ಪಿಎಚ್ ಏರಿಸುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ಮೋಡ ಕಂಡ ಕೂಡಲೇ ಒಮ್ಮೆ ಗುಡಿಸಿ, ಚೆಲ್ಲುವ ನೀರನ್ನು ಎರಡು ಮಿ.ಮೀ.ಗೆ ಏರಿಸಿ. ದೀಪಾವಳಿಯ ಪಟಾಕಿ ಮಸಿಗೂ ಇದೇ ಉಪಾಯ.

ಹಸಿಯಾಗಿ ತಿನ್ನುವ ಸೊಪ್ಪು ಬೆಳೆಯುವುದಾದರೆ ನೀರಿಗೆ ಕ್ಲೋರಿನ್ ಹಾಕಲೇಬೇಕು, ಪಾರಿವಾಳದ ಹಿಕ್ಕೆಯಲ್ಲಿ ಬರುವ ರೋಗಾಣುಗಳು ಹುಡುಗಾಟದ ವಿಷಯವಲ್ಲ. ಸಾವಿರ ಲೀಟರಿಗೆ ಏಳು ಗ್ರಾಂ ಬ್ಲೀಚಿಂಗ್ ಪೌಡರನ್ನು ಒಂದು ಬಕೆಟ್ ನೀರಿನಲ್ಲಿ ಕದಡಿ, ಅರ್ಧ ಗಂಟೆ ಬಿಟ್ಟು ತಿಳಿಯನ್ನು ಮಾತ್ರ ಸುರಿಯಿರಿ. ತಳದ ಸುಣ್ಣ ಬೇಡ. ಮಡಿಗೆ ಬಿಡುವ ಮುಂಚೆ ಆ ನೀರು ತೆರೆದ ಡ್ರಮ್ಮಿನಲ್ಲಿ ಒಂದು ದಿನ ಇರಲಿ. ಸಂಪಿನ ಮುಚ್ಚಳ, ಉಕ್ಕುಪೈಪು, ಗಾಳಿಕೊಳವೆ ಮೂರಕ್ಕೂ ಸೊಳ್ಳೆ ನುಸುಳದ ಬಲೆ ಕಟ್ಟಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದ್ದೇ ಇಂಥ ತಿಳಿ ನೀರು.

ಮಡಿ

ಅಂತರ್ಜಾಲದ ಚಿತ್ರಗಳಲ್ಲೆಲ್ಲ ಬಿಳಿ ಪೈಪುಗಳ ಸಾಲು, ಅದರೊಳಗೆ ತೆಳ್ಳಗೆ ಹರಿಯುವ ನೀರು. ನೋಡಲು ಚಂದ. ಕರೆಂಟ್ ಹೋಗಿ ಪಂಪ್ ನಿಂತರೆ ಮಾರ್ಚ್ ಬಿಸಿಲಿನಲ್ಲಿ ಆ ಪೈಪಿನೊಳಗಿನ ಬೇರು ಒಂದೆರಡು ಗಂಟೆಯಲ್ಲೇ ಬಾಡುತ್ತದೆ. ತೆಳುನೀರು ಬಿಸಿಯಾಗುವುದೂ ಬೇಗ. ನಮ್ಮ ತಾರಸಿಗೆ ನನ್ನ ಆಯ್ಕೆ ತೇಲುಹಾಳೆಯ ತೊಟ್ಟಿ: ನೀರು ನಿಂತಿರುತ್ತದೆ, ಅದರ ಮೇಲೆ ಥರ್ಮೋಕೋಲ್ ತೇಲುತ್ತದೆ, ತೂತುಗಳಲ್ಲಿ ಗಿಡ. ಪಂಪ್ ಅರ್ಧ ದಿನ ನಿಂತರೂ ಗಿಡ ಸಾಯುವುದಿಲ್ಲ.

ಥರ್ಮೋಕೋಲ್ ಅಂಗಡಿಯಲ್ಲಿ ಸಿಗುವ ಹಾಳೆಯ ಅಳತೆ ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ. ದಪ್ಪ 25 ಮಿ.ಮೀ. ತೆಗೆದುಕೊಳ್ಳಿ. ನಾಲ್ಕು ಹಾಳೆಗೆ ಒಂದು ತೊಟ್ಟಿ: ಒಳ ಅಳತೆ ಎರಡು ಮೀಟರ್ ಎರಡು ಸೆಂಟಿಮೀಟರ್ ಉದ್ದ, ಒಂದು ಮೀಟರ್ ಎರಡು ಸೆಂಟಿಮೀಟರ್ ಅಗಲ, ಎತ್ತರ 18 ಸೆಂ.ಮೀ. ಆ ಎರಡು ಸೆಂಟಿಮೀಟರ್ ಬಿಡದಿದ್ದರೆ ಹಾಳೆ ಅಂಚಿಗೆ ಕಚ್ಚಿಕೊಂಡು ನೀರು ಇಳಿದಾಗ ಕೆಳಗಿಳಿಯುವುದಿಲ್ಲ, ಬೇರು ಗಾಳಿಯಲ್ಲಿ ನೇತಾಡುತ್ತದೆ. ಮರದ ಚೌಕಟ್ಟಿನೊಳಗೆ ಮೊದಲು ಹಳೆಯ ಗೋಣಿಚೀಲ, ಮೇಲೆ ಸಿಲ್ಪಾಲಿನ್ ಹಾಳೆ. ಮೂಲೆಗಳಲ್ಲಿ ಹಾಳೆಯನ್ನು ಕತ್ತರಿಸದೆ ಮಡಿಸಿ. ಹನ್ನೆರಡು ಸೆಂಟಿಮೀಟರ್ ಮಟ್ಟದಲ್ಲಿ ಒಂದು ಉಕ್ಕುಪೈಪು, ಬಾಯಿಗೆ ಬಲೆ. ಇಂಥ ಒಂದು ತೊಟ್ಟಿ ಸುಮಾರು 240 ಲೀಟರ್ ಹಿಡಿಯುತ್ತದೆ. ನಾಲ್ಕು ತೊಟ್ಟಿ ಇಟ್ಟರೆ ಎಂಟು ಚದರ ಮೀಟರ್, ಹತ್ತಿರ ಹತ್ತಿರ ಸಾವಿರ ಲೀಟರ್.

ಹಾಳೆಗೆ ಹನ್ನೆರಡು ತೂತು, ಮೂರು ಸಾಲಿನಲ್ಲಿ ನಾಲ್ಕು ನಾಲ್ಕು, ನಡುಸಾಲು ಸ್ವಲ್ಪ ಸರಿದಿರಲಿ. ಎರಡಿಂಚಿನ ಜಾಲರಿ ಕುಂಡಕ್ಕೆ 48 ಮಿ.ಮೀ. ತೂತು ಸಾಕು, ಕುಂಡದ ಅಂಚು ಮೇಲೆ ಕೂರುತ್ತದೆ. ಕಾಯಿಸಿದ ಡಬ್ಬಿಯಿಂದ ಸುಟ್ಟು ತೂತು ಮಾಡಬೇಡಿ, ಆ ಹೊಗೆ ಕೆಟ್ಟದ್ದು. ಡ್ರಿಲ್ಲಿಗೆ ಹಾಕುವ ಹೋಲ್ ಸಾ ಬಳಸಿ. ಬಿಸಿಲಿಗೆ ಥರ್ಮೋಕೋಲ್ ಪುಡಿಯಾಗುತ್ತದೆ, ಅದಕ್ಕೆ ಮೇಲೆ ಬಿಳಿ ಬಣ್ಣ ಬೇಕು. ಎನಾಮೆಲ್ ಹಚ್ಚಿದರೆ ಹಾಳೆಯೇ ಕರಗಿಹೋಗುತ್ತದೆ. ನೀರಿನಲ್ಲಿ ಕಲಸುವ ಹೊರಗೋಡೆಯ ಬಣ್ಣ ಹಚ್ಚಿ.

ಗಾಳಿಗೆ 20 ವ್ಯಾಟಿನ ಆಸುಪಾಸಿನ ಒಂದು ಏರ್ ಪಂಪ್ ನಾಲ್ಕೂ ತೊಟ್ಟಿಗೆ ಸಾಕು, ತೊಟ್ಟಿಗೆ ಮೂರು ಏರ್ ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು). ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಕೂರಿಸಿ, ನಳಿಕೆಗೆ ನಾನ್ ರಿಟರ್ನ್ ವಾಲ್ವ್ ಹಾಕಿ. ಕೆಳಗಿಟ್ಟರೆ ಕರೆಂಟ್ ಹೋದಾಗ ನೀರು ನಳಿಕೆಯಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಬೀಳುತ್ತದೆ.

ಗೊಬ್ಬರದ ನೀರು

ಡಬ್ಬಿಯಲ್ಲಿ ಬರುವ ಸಿದ್ಧ ಪುಡಿಗಳಲ್ಲಿ ಕೆಲವು ಗಡಸು ನೀರಿಗೆಂದೇ ಮಾಡಿದವು. ನೀರಿನಲ್ಲೇ ಕ್ಯಾಲ್ಸಿಯಂ, ಮೆಗ್ನೀಷಿಯಂ ಇದೆಯೆಂದು ಅವನ್ನು ಕಡಿಮೆ ಹಾಕಿರುತ್ತಾರೆ. ಮಳೆನೀರಿನಲ್ಲಿ ಎರಡೂ ಇಲ್ಲ. ಅದೇ ಪುಡಿ ಹಾಕಿದರೆ ಮೂರನೇ ವಾರಕ್ಕೆ ಹಳೆಯ ಎಲೆಗಳಲ್ಲಿ ನರ ಹಸಿರು, ನಡುವೆ ಹಳದಿ. ಅದು ಮೆಗ್ನೀಷಿಯಂ ಹಸಿವು. ಹಾಗಾಗಿ ಬಿಡಿ ಗೊಬ್ಬರ ತಂದು ಕಲಸಿಕೊಳ್ಳುವುದೇ ಮೇಲು. ಡ್ರಿಪ್ ಗೊಬ್ಬರ ಮಾರುವ ಯಾವ ಅಂಗಡಿಯಲ್ಲೂ ಸಿಗುತ್ತವೆ, ಅಂಕಿ ಹೇಳಿ ಕೇಳಿ. 19:19:19 ಮಾತ್ರ ಬೇಡ. ಅದರ ಸಾರಜನಕದಲ್ಲಿ ಹೆಚ್ಚಿನ ಪಾಲು ಯೂರಿಯಾ ರೂಪದ್ದು. ಅದನ್ನು ಬೇರಿಗೆ ಒಗ್ಗುವಂತೆ ಮುರಿಯುವ ಮಣ್ಣಿನ ಜೀವಾಣುಗಳು ತೊಟ್ಟಿಯಲ್ಲಿಲ್ಲ.

ಸಾವಿರ ಲೀಟರಿಗೆ, ಅಂದರೆ ನಾಲ್ಕೂ ತೊಟ್ಟಿಗೆ ಒಮ್ಮೆ ಸಾಲುವಷ್ಟು ಅಳತೆ ಇದು. ಎ ಕ್ಯಾನಿಗೆ ಕ್ಯಾಲ್ಸಿಯಂ ನೈಟ್ರೇಟ್ 650 ಗ್ರಾಂ, 12% ಐರನ್ ಇಡಿಟಿಎ 16 ಗ್ರಾಂ. ನಾಲ್ಕು ಲೀಟರ್ ಮಳೆನೀರಿನಲ್ಲಿ ಕರಗಿಸಿ ಐದು ಲೀಟರ್ ಮಾಡಿ. ಬಿ ಕ್ಯಾನಿಗೆ 13:0:45 (ಪೊಟ್ಯಾಷಿಯಂ ನೈಟ್ರೇಟ್) 300 ಗ್ರಾಂ, 0:52:34 (ಮೋನೋ ಪೊಟ್ಯಾಷಿಯಂ ಫಾಸ್ಫೇಟ್) 160 ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ 400 ಗ್ರಾಂ, ಜೊತೆಗೆ ಬೋರಿಕ್ ಆಸಿಡ್ 1.7 ಗ್ರಾಂ, ಮ್ಯಾಂಗನೀಸ್ ಸಲ್ಫೇಟ್ 1.6, ಜಿಂಕ್ ಸಲ್ಫೇಟ್ 0.5, ಮೈಲುತುತ್ತ 0.2, ಸೋಡಿಯಂ ಮಾಲಿಬ್ಡೇಟ್ 0.1. ಇದನ್ನೂ ಐದು ಲೀಟರ್ ಮಾಡಿ. ಸಣ್ಣ ಅಳತೆಗೆ ಚಿನ್ನ ಬೆಳ್ಳಿ ತೂಗುವಂಥ ಕೈತಕ್ಕಡಿ ಬೇಕು, ಚಮಚದ ಅಂದಾಜು ನಡೆಯುವುದಿಲ್ಲ. ತಾಮ್ರ, ಬೋರಾನ್ ಎರಡರಲ್ಲೂ ಸಾಕಾದ್ದಕ್ಕೂ ವಿಷಕ್ಕೂ ನಡುವೆ ಅಂತರ ಕಡಿಮೆ.

ಬಳಸುವಾಗ ಲೀಟರ್ ನೀರಿಗೆ ಎ 5 ಮಿ.ಲೀ., ಬಿ 5 ಮಿ.ಲೀ. ಆಗ ಸಾರಜನಕ 140 ಪಿಪಿಎಂ, ರಂಜಕ 36, ಪೊಟ್ಯಾಷ್ 157, ಕ್ಯಾಲ್ಸಿಯಂ 120, ಮೆಗ್ನೀಷಿಯಂ 39ರ ಸುತ್ತ ಬರುತ್ತದೆ, ಇ.ಸಿ. 1.4ರ ಆಸುಪಾಸು. ಎ, ಬಿ ಎರಡನ್ನೂ ಗಟ್ಟಿಯಾಗಿರುವಾಗ ಒಂದೇ ಪಾತ್ರೆಗೆ ಸುರಿಯಬೇಡಿ. ಕ್ಯಾಲ್ಸಿಯಂ ಹೋಗಿ ಸಲ್ಫೇಟ್, ಫಾಸ್ಫೇಟ್ ಜೊತೆ ಸೇರಿ ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತದೆ. ಆ ಗಸಿ ಮತ್ತೆ ಕರಗುವುದಿಲ್ಲ. ತೊಟ್ಟಿಯ ನೀರಿಗೆ ಮೊದಲು ಎ ಹಾಕಿ ಚೆನ್ನಾಗಿ ಕಲಕಿ, ಆಮೇಲೆ ಬಿ. ಕ್ಯಾಲ್ಸಿಯಂ ನೈಟ್ರೇಟ್ ಚೀಲವನ್ನು ಮಳೆಗಾಲದಲ್ಲಿ ತೆರೆದಿಟ್ಟರೆ ಗಾಳಿಯ ತೇವ ಹೀರಿ ಪಾಕವಾಗುತ್ತದೆ, ತೂಕ ಸುಳ್ಳಾಗುತ್ತದೆ. ಬಿಗಿ ಡಬ್ಬಿಯಲ್ಲಿಡಿ.

ಇನ್ನು ಪಿಎಚ್. ಮಳೆನೀರಿನ ಒಂದೇ ತೊಂದರೆ ಇಲ್ಲಿದೆ. ಅದರಲ್ಲಿ ಬೈಕಾರ್ಬೊನೇಟ್ ಇಲ್ಲದ್ದರಿಂದ ಪಿಎಚ್ ಹಿಡಿದು ನಿಲ್ಲಿಸುವ ಶಕ್ತಿಯೇ ಇಲ್ಲ. ಬೇರು ನೈಟ್ರೇಟ್ ತಿಂದಂತೆ ಮೇಲೇರುತ್ತದೆ, ಅಮೋನಿಯಂ ತಿಂದಂತೆ ಇಳಿಯುತ್ತದೆ, ನಾಲ್ಕು ಹನಿ ಆಸಿಡ್ ಹೆಚ್ಚಾದರೆ 4ಕ್ಕೆ ಬೀಳುತ್ತದೆ. ಬರೀ ಮಳೆನೀರಿಗೆ ಪಿಎಚ್ ಮೀಟರ್ ಅದ್ದಿದರೆ ಅಂಕಿ ಒಂದು ಕಡೆ ನಿಲ್ಲುವುದೇ ಇಲ್ಲ, ಲವಣವಿಲ್ಲದ ನೀರಿನಲ್ಲಿ ಆ ಮೀಟರಿನ ಕೆಲಸ ಹಾಗೆಯೇ. ಗೊಬ್ಬರ ಹಾಕಿ ಹದಿನೈದು ನಿಮಿಷ ಬಿಟ್ಟು ಅಳೆಯಿರಿ.

ಇದಕ್ಕೆ ಮದ್ದು ನೀವು ಬೇಡವೆಂದ ಬೋರ್ ನೀರಿನಲ್ಲೇ ಇದೆ. ಹತ್ತು ಪಾಲಿನಲ್ಲಿ ಒಂದೂವರೆ ಪಾಲು ಬೋರ್ ನೀರು, ಉಳಿದದ್ದು ಮಳೆನೀರು. 300 ಮಿಲಿಗ್ರಾಂ ಬೈಕಾರ್ಬೊನೇಟಿನ ನೀರು ಈ ಅಳತೆಯಲ್ಲಿ ಬೆರೆತರೆ 45 ಮಿಲಿಗ್ರಾಂ ಆಗುತ್ತದೆ, ಪಿಎಚ್ ಗಟ್ಟಿಯಾಗಿ ನಿಲ್ಲಲು ಅಷ್ಟು ಸಾಕು. ನಲ್ಲಿಯ ನದಿ ನೀರು ಮೆದುವಾದ್ದರಿಂದ ಮೂರು ಪಾಲು ಬೆರೆಸಿ, ಒಂದು ರಾತ್ರಿ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಿ. ನಿಮ್ಮ ಬೋರಿನ ಬೈಕಾರ್ಬೊನೇಟ್ ಎಷ್ಟೆಂದು ನೀರು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು. ಮಂಡ್ಯದವರು ವಿ.ಸಿ. ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಮೈಸೂರಿನವರು ಸುತ್ತೂರಿನದರಲ್ಲಿ ವಿಚಾರಿಸಬಹುದು.

ಪಿಎಚ್ 5.6ರಿಂದ 6.3ರ ನಡುವೆ ಇರಲಿ. ಫಾಸ್ಪರಿಕ್ ಆಸಿಡನ್ನು ನೇರ ಬಳಸಬೇಡಿ: ಕೈಗವಸು, ಕನ್ನಡಕ ಹಾಕಿ, 900 ಮಿ.ಲೀ. ನೀರಿಗೆ 100 ಮಿ.ಲೀ. ಆಸಿಡ್ ನಿಧಾನ ಸುರಿಯಿರಿ. ಆಸಿಡ್ಡಿಗೆ ನೀರು ಸುರಿಯಬಾರದು, ಸಿಡಿಯುತ್ತದೆ. ಆ ತೆಳು ಆಸಿಡ್ 240 ಲೀಟರಿನ ತೊಟ್ಟಿಗೆ ಮೊದಲು 30 ಮಿ.ಲೀ. ಹಾಕಿ ಕಲಕಿ ಅಳೆಯಿರಿ, ಆಮೇಲೆ ಹತ್ತು ಹತ್ತು ಮಿ.ಲೀ. ಒಟ್ಟು 80 ದಾಟುವುದು ಅಪರೂಪ. ನಿಂಬೆಹುಳಿ ಪುಡಿ ಹಾಕಿದರೆ ಎರಡು ದಿನ ಇಳಿದು ಮತ್ತೆ ಏರುತ್ತದೆ, ಸೂಕ್ಷ್ಮಜೀವಿಗಳು ಅದನ್ನು ತಿಂದುಬಿಡುತ್ತವೆ.

ದಿನವೂ ಬೆಳಿಗ್ಗೆ ಮಟ್ಟ, ಇ.ಸಿ. ನೋಡಿ. ಮಟ್ಟ ಇಳಿದು ಇ.ಸಿ. ಏರಿದ್ದರೆ ಗಿಡ ಬಾಯಾರಿದೆ, ಬರೀ ಬೆರಕೆ ನೀರು ತುಂಬಿ. ಎರಡೂ ಇಳಿದಿದ್ದರೆ ಹಸಿದಿದೆ, ಗೊಬ್ಬರದ ನೀರು ತುಂಬಿ. ಬೇಸಿಗೆಯಲ್ಲಿ ಮೊದಲನೆಯದು, ಚಳಿಗಾಲದಲ್ಲಿ ಎರಡನೆಯದು ಹೆಚ್ಚು.

ಏನು ಬೆಳೆಯುವುದು, ಯಾವಾಗ

ಬಸ್ಸಾರು, ಮಸ್ಸೊಪ್ಪು, ಉಪ್ಸಾರು ಮಾಡುವ ಮನೆಗೆ ದಿನಾ ಸೊಪ್ಪು ಬೇಕು. ಒಂದೇ ದಿನ ಹದಿನಾರು ಹಾಳೆಯನ್ನೂ ನೆಟ್ಟರೆ ಒಂದೇ ವಾರ ಹೊರೆ, ಆಮೇಲೆ ಬರಿದು. ವಾರಕ್ಕೆ ಮೂರು ಹಾಳೆ ನೆಡಿ. ಐದು ವಾರಕ್ಕೆ ಹದಿನೈದು ಹಾಳೆ ತುಂಬುವ ಹೊತ್ತಿಗೆ ಮೊದಲ ಮೂರು ಕೊಯ್ಲಿಗೆ ಬಂದಿರುತ್ತವೆ, ದಿನಕ್ಕೆ ಐದು ಗಿಡ ಲೆಕ್ಕ. ಹದಿನಾರನೆಯ ಹಾಳೆಯಲ್ಲಿ ಪುದೀನ, ಹೊನಗೊನ್ನೆ ಖಾಯಂ. ಹೊನಗೊನ್ನೆ ಕೆರೆ ಗದ್ದೆ ಬದಿಯ ಗಿಡ, ಕಡ್ಡಿ ಮುರಿದು ನೀರಿಗಿಟ್ಟರೆ ಬೇರು ಬಿಡುತ್ತದೆ.

ನಮ್ಮ ಪಾಲಕ್ ಬೀಟ್‌ರೂಟ್ ವಂಶದ್ದು, ಇಂಗ್ಲಿಷರ ಸ್ಪಿನಾಚ್ ಬೇರೆ ಗಿಡ. ಬೀಟ್ ಜಾತಿ ಉಪ್ಪು ತಡೆಯುತ್ತದೆ. ಮಳೆನೀರು ಕಡಿಮೆ ಬಿದ್ದ ವರ್ಷ ಪಾಲಕ್ ತೊಟ್ಟಿಗೆ ಅರ್ಧಕ್ಕರ್ಧ ಬೋರ್ ನೀರು ಬೆರೆಸಿ, ಮಳೆನೀರನ್ನು ಲೆಟ್ಯೂಸ್, ಕೊತ್ತಂಬರಿಗೆ ಉಳಿಸಿ. ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಮೊಳಕೆಗೆ ಏಳರಿಂದ ಹತ್ತು ದಿನ.

ಸಸಿಗೆ ತೆಂಗಿನ ನಾರಿನ ಪುಡಿ ಸಾಕು, ಆದರೆ ತೊಳೆಯದೆ ಬೇಡ. ಅದರಲ್ಲಿ ಸೋಡಿಯಂ, ಪೊಟ್ಯಾಷ್ ಅಂಟಿಕೊಂಡಿರುತ್ತದೆ, ನೀವು ಹಾಕಿದ ಕ್ಯಾಲ್ಸಿಯಂ ಅನ್ನು ಅದು ಕಿತ್ತುಕೊಂಡು ಅದರ ಬದಲು ಸೋಡಿಯಂ ಬಿಡುತ್ತದೆ. ಐದು ಕೆ.ಜಿ. ಇಟ್ಟಿಗೆಯನ್ನು 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ದಿನ ನೆನೆಸಿ, ಹಿಂಡಿ, ಬಸಿದ ನೀರಿನ ಇ.ಸಿ. 0.6ಕ್ಕಿಂತ ಕೆಳಗಿಳಿಯುವವರೆಗೆ ತೊಳೆಯಿರಿ. ಎರಡು ಮೂರು ನಿಜ ಎಲೆ ಬಂದ ಸಸಿ, ಬಿತ್ತಿ ಹದಿನೈದು ದಿನದ ಮೇಲೆ, ಹಾಳೆಗೆ. ಮೊದಲ ವಾರ ನೀರು ಕುಂಡದ ತಳ ಮುಟ್ಟಲಿ.

ಟೊಮೆಟೊ, ಸೌತೆ, ಈರನಗೆರೆ ಬದನೆಗೆ ಈ ತೊಟ್ಟಿ ಹೊಂದುವುದಿಲ್ಲ. ಅವಕ್ಕೆ ನಾರಿನ ಪುಡಿ ತುಂಬಿದ ಬಕೆಟ್, 2ರ ಮೇಲಿನ ಇ.ಸಿ., ಹೆಚ್ಚು ಪೊಟ್ಯಾಷ್ ಬೇಕು. ಒಂದು ವರ್ಷ ಸೊಪ್ಪು ಕೈಗೆ ಹತ್ತಿದ ಮೇಲೆ ನೋಡಬಹುದು.

ಮಾರ್ಚ್ ಬಂದ ಮೇಲೆ ಹೆದರಬೇಕಾದ್ದು ಬೇರಿನ ಬಿಸಿಗೆ. ನೀರು 20 ಡಿಗ್ರಿಯಲ್ಲಿದ್ದಾಗ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 30ರಲ್ಲಿ ಏಳೂವರೆ. ಬೇರಿಗೆ ಬೇಡಿಕೆ ಹೆಚ್ಚಾಗುವ ಹೊತ್ತಿಗೇ ಪೂರೈಕೆ ಕುಸಿಯುತ್ತದೆ. 28 ದಾಟಿದರೆ ಪಿಥಿಯಂ ಎಂಬ ಬೇರುಕೊಳೆ ರೋಗಾಣು ಹೊಕ್ಕು ಬೇರು ಕಂದಾಗಿ, ಲೋಳೆಯಾಗಿ, ಕೆಟ್ಟ ವಾಸನೆ ಹೊಡೆಯುತ್ತದೆ. ಮಧ್ಯಾಹ್ನ ಎಲೆ ಬಾಡಿ ಸಂಜೆ ಚೇತರಿಸಿಕೊಳ್ಳುತ್ತಿದ್ದರೆ ಹಾಳೆ ಎತ್ತಿ ಬೇರು ನೋಡಿ. ಆ ತೊಟ್ಟಿಯನ್ನು ಉಳಿಸಲು ಹೋಗಬೇಡಿ: ಗಿಡ ಕಿತ್ತು, ನೀರು ಚೆಲ್ಲಿ, ಬ್ಲೀಚಿಂಗ್ ಪೌಡರಿನಿಂದ ತೊಳೆದು ಎರಡು ದಿನ ಒಣಗಿಸಿ. ಬರದಂತೆ ತಡೆಯಲು ತೊಟ್ಟಿಯ ಹೊರಬದಿಗೆ ಥರ್ಮೋಕೋಲ್ ಕಟ್ಟಿ ಬಿಳಿ ಬಳಿಯಿರಿ, ಮೇಲೆ 50% ನೆರಳು ಬಲೆ ಕಟ್ಟಿ, ಪಡುಗಡೆಗೂ ಇಳಿಬಿಡಿ. ಫೆಬ್ರವರಿ ಕೊನೆಗೆ ಲೆಟ್ಯೂಸ್, ಕೊತ್ತಂಬರಿ ತೆಗೆದುಬಿಡಿ, ಆಮೇಲೆ ಅವು ಬರೀ ಕಹಿ ಮತ್ತು ಹೂವು. ಬಸಳೆ, ದಂಟು, ಪಾಲಕ್ ಬೇಸಿಗೆಗೆ ಬಗ್ಗುವುದಿಲ್ಲ.

ಮಳೆಗಾಲದ ಕಾಟ ಬೇರೆ. ಆಷಾಢದ ಗಾಳಿ ಸಡಿಲ ಹಾಳೆಯನ್ನು ಪಕ್ಕದ ಮನೆಗೆ ಒಯ್ಯುತ್ತದೆ, ದಾರ ಕಟ್ಟಿ. ಮೋಡ ಮುಚ್ಚಿ ಗಾಳಿ ತೇವವಾಗಿದ್ದಾಗ ಗಿಡ ಬೆವರುವುದಿಲ್ಲ, ಬೆವರದಿದ್ದರೆ ಕ್ಯಾಲ್ಸಿಯಂ ಎಳೆ ಎಲೆಗೆ ಏರುವುದಿಲ್ಲ, ಲೆಟ್ಯೂಸಿನ ಎಲೆತುದಿ ಕಂದಾಗುತ್ತದೆ. ತೊಟ್ಟಿಗೆ ಕ್ಯಾಲ್ಸಿಯಂ ಸುರಿದು ಪ್ರಯೋಜನವಿಲ್ಲ, ಇ.ಸಿ. 1.2ಕ್ಕೆ ಇಳಿಸಿ ಗಿಡಗಳ ನಡುವೆ ಗಾಳಿ ಆಡಲು ಬಿಡಿ. ತೊಟ್ಟಿಯ ಮೇಲೆ 20 ಮಿ.ಮೀ. ಮಳೆ ನೇರ ಬಿದ್ದರೆ ಚದರ ಮೀಟರಿಗೆ 20 ಲೀಟರ್ ಸೇರಿ ಗೊಬ್ಬರ ಉಕ್ಕುಪೈಪಿನಿಂದ ಹರಿದುಹೋಗುತ್ತದೆ. 200 ಮೈಕ್ರಾನ್ ಪಾಲಿಥಿನ್ ಚಪ್ಪರ ಹಾಕಿ, ಅದರ ನೀರನ್ನೂ ಸಂಪಿನ ಪೈಪಿಗೆ ಸೇರಿಸಿ. ಅಷ್ಟು ಶುದ್ಧ ನೀರು ತಾರಸಿಯಿಂದಲೂ ಬರುವುದಿಲ್ಲ.

ಬೆಳೆ ಮುಗಿದಾಗ ತೆಗೆಯುವ ಅರ್ಧ ತೊಟ್ಟಿ ನೀರನ್ನು ಚರಂಡಿಗೆ ಬಿಡದೆ ಕರಿಬೇವು, ದಾಸವಾಳ, ತೆಂಗಿಗೆ ಹಾಕಿ. ಕುಂಡದ ಗಿಡಕ್ಕಾದರೆ ಅಷ್ಟೇ ನೀರು ಬೆರೆಸಿ.

ಈ ವರ್ಷವೇ ಶುರುಮಾಡುವವರು ಗೌರಿ ಹಬ್ಬದೊಳಗೆ ಸಂಪು, ಡ್ರಮ್, ಪೈಪು ಮುಗಿಸಿಕೊಳ್ಳಿ. ಹೊಸ ಸಿಮೆಂಟ್ ಸಂಪಾದರೆ ಉತ್ತರೆ ಮಳೆಯ ನೀರನ್ನು ತುಂಬಿಸಿ ವಾರ ಬಿಟ್ಟು ಚೆಲ್ಲಿ, ಗಾರೆಯ ಸುಣ್ಣ ಹೋಗಲಿ. ಹಸ್ತದಲ್ಲಿ ಹಿಡಿಯಲು ಶುರುಮಾಡಿ, ಆಯುಧಪೂಜೆಯ ವಾರ ಮೊದಲ ಮೂವತ್ತಾರು ಬೀಜ ಬಿತ್ತಿ. ಸಸಿ ಹಾಳೆಗೇರುವ ಹೊತ್ತಿಗೆ ಚಿತ್ತೆಯ ನೀರು ಸಂಪಿನಲ್ಲಿರುತ್ತದೆ.